ಬಟನ್ ಒತ್ತುವ ಮೊದಲು ಕೈ ಎತ್ತಿಸಿ

ಪ್ರಶ್ನೆ: ಸರ್, ನಾನು ಶಿರಾ ತಾಲ್ಲೂಕಿನ ಒಂದು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಹತ್ತನೇ ಕ್ಲಾಸಲ್ಲಿ 42 ಮಕ್ಕಳು, ಇಡೀ ಶಾಲೆಗೆ ಒಂದೇ ಪ್ರೊಜೆಕ್ಟರ್. ವಿದ್ಯುತ್ ಪಾಠಕ್ಕೆ ಅನಿಮೇಷನ್ ತೋರಿಸಿದೆ, ಖುಷಿಯಿಂದ ನೋಡಿದರು. ಟೆಸ್ಟಲ್ಲಿ ಮಾತ್ರ ಅರ್ಧ ಕ್ಲಾಸು 'ಸರಣಿಯಲ್ಲಿ (ಒಂದರ ಹಿಂದೊಂದು ಜೋಡಿಸಿದಾಗ) ಮೊದಲ ಬಲ್ಬೇ ಕರೆಂಟು ಖರ್ಚು ಮಾಡುತ್ತದೆ, ಎರಡನೆಯದಕ್ಕೆ ಕಡಿಮೆ ಸಿಗುತ್ತದೆ' ಎಂದು ಬರೆದಿದೆ. ಸಾಲದ್ದಕ್ಕೆ ನೆಟ್ ಕೈಕೊಡುತ್ತದೆ. ಇದರಿಂದ ನಿಜಕ್ಕೂ ಉಪಯೋಗ ಇದೆಯಾ?

ಉತ್ತರ: ಮೊದಲು ನೆಟ್ ವಿಷಯ ಮುಗಿಸಿಬಿಡೋಣ ಮೇಡಂ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ 'ಫೆಟ್' ಎಂಬ, ಪರದೆ ಮೇಲೆ ನಾವೇ ಪ್ರಯೋಗ ಮಾಡಿ ನೋಡಬಹುದಾದ ಸಿಮ್ಯುಲೇಷನ್‌ಗಳಿವೆ. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಹಲವು ಕನ್ನಡದಲ್ಲೂ ಇವೆ. ಮನೆಯಲ್ಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಲ್ಲಿ ಒಯ್ಯಿರಿ.

ಇನ್ನು ಅಸಲು ವಿಷಯ. ಮಕ್ಕಳು ನೋಡಿದರು ಅಂದಿರಿ. ನೋಡುವ ಮೊದಲು ಏನಾದರೂ ಊಹೆ ಮಾಡಿದರಾ? ನಾನೂ ವರ್ಷಗಟ್ಟಲೆ ಸುಮ್ನೆ ತೋರಿಸುತ್ತಲೇ ಇದ್ದೆ. ಸಿನಿಮಾ ನೋಡಿದ ಹಾಗೆ ನೋಡಿ ಎದ್ದು ಹೋಗುತ್ತಿದ್ದರು. ಆಮೇಲೆ ಹೀಗೆ ಮಾಡತೊಡಗಿದೆ: ಪರದೆ ಮೇಲೆ ಬ್ಯಾಟರಿ, ಎರಡು ಬಲ್ಬು, ವೈರು ಜೋಡಿಸುವುದು, ಸ್ವಿಚ್ಚು ಆಫ್ ಮಾಡಿಯೇ ಇಡುವುದು. 'ಯಾವುದು ಜಾಸ್ತಿ ಉರಿಯುತ್ತೆ? ಬ್ಯಾಟರಿ ಹತ್ತಿರದ್ದಾ, ದೂರದ್ದಾ, ಎರಡೂ ಒಂದೇನಾ? ನೋಟ್‌ಬುಕ್ಕಲ್ಲಿ ಬರೀರಿ, ಕೈ ಎತ್ತಿ.' ಎಣಿಸಿ ಬೋರ್ಡ್ ಮೇಲೆ ಬರೆಯುತ್ತಿದ್ದೆ. ಪಕ್ಕದವನ ಜೊತೆ ಎರಡು ನಿಮಿಷ ಜಗಳ ಆಡಲಿಕ್ಕೂ ಬಿಡುತ್ತಿದ್ದೆ. ಆಮೇಲೆ ಸ್ವಿಚ್ಚು. ಎರಡೂ ಸಮ! ತಾನು ಬರೆದದ್ದು ತಪ್ಪಾದಾಗ 'ಯಾಕೆ ಸಾರ್?' ಅನ್ನುತ್ತಾರಲ್ಲ, ಪಾಠ ಶುರು ಮಾಡಬೇಕಾದದ್ದು ಅಲ್ಲಿಂದ.

ಅಷ್ಟಕ್ಕೇ ನಿಲ್ಲಿಸಬೇಡಿ. ಮೇಜಿನ ಮೇಲೆ ಎರಡು ಸೆಲ್ಲು, ಎರಡು ಟಾರ್ಚ್ ಬಲ್ಬು ಇಟ್ಟು ಅದನ್ನೇ ಮಾಡಿ. ಒಂದು ಬಲ್ಬು ಸ್ವಲ್ಪ ಮಂಕಾಗಿ ಉರಿದರೆ ಗಾಬರಿ ಬೇಡ. ನಮ್ಮ ಕ್ಲಾಸಲ್ಲೂ ಹಾಗೇ ಆಯಿತು. 'ನೋಡಿ ಸಾರ್, ನಾವು ಹೇಳಿದ್ದೇ ಸರಿ' ಎಂದು ಹಿಂದಿನ ಬೆಂಚು ಕೂಗಿತು. ಬಲ್ಬುಗಳನ್ನು ಅದಲು ಬದಲು ಮಾಡಿದೆವು. ಮಂಕು ಬಲ್ಬು ಬ್ಯಾಟರಿ ಪಕ್ಕಕ್ಕೆ ಬಂದರೂ ಮಂಕಾಗಿಯೇ ಉರಿಯಿತು. ವ್ಯತ್ಯಾಸ ಬಲ್ಬಿನದು, ಜಾಗದ್ದಲ್ಲ. ಪರದೆಯ ಬಲ್ಬುಗಳು ಅಚ್ಚು ಹೊಡೆದ ಹಾಗೆ ಒಂದೇ ಇರುತ್ತವೆ. ಅಂಗಡಿಯವು ಹಾಗಿರಲ್ಲ.

ಚಿತ್ರ ಸ್ವಲ್ಪ ಸುಳ್ಳೂ ಹೇಳುತ್ತದೆ, ಅದನ್ನೂ ಮಕ್ಕಳ ಹತ್ತಿರವೇ ಹುಡುಕಿಸಿ. ಫೆಟ್‌ನಲ್ಲಿ ಎಲೆಕ್ಟ್ರಾನುಗಳು ನೀಲಿ ಗುಂಡುಗಳು. 'ಎಲೆಕ್ಟ್ರಾನಿನ ಬಣ್ಣ ನೀಲಿ' ಎಂದು ಬರೆದ ಹುಡುಗನಿಗೆ ನಾನು ಸೊನ್ನೆ ಕೊಟ್ಟೆ. ತಪ್ಪು ನನ್ನದೇ. ವೇಗದ್ದೂ ಅದೇ ಕಥೆ. ಟಾರ್ಚಿನ ವೈರಲ್ಲಿ ಎಲೆಕ್ಟ್ರಾನು ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಸರಿಯುವುದಿಲ್ಲ. ಮತ್ತೆ ಬಲ್ಬು ತಕ್ಷಣ ಹೊತ್ತಿಕೊಳ್ಳುತ್ತದಲ್ಲ? ತೋಟದ ಪೈಪು ಮೊದಲೇ ತುಂಬಿದ್ದರೆ ವಾಲ್ವ್ ತಿರುಗಿಸುತ್ತಿದ್ದ ಹಾಗೇ ತುದಿಯಲ್ಲಿ ನೀರು ಬರುತ್ತದೆ, ಅಲ್ವಾ? ವೈರೂ ಹಾಗೇ, ಮೊದಲೇ ಎಲೆಕ್ಟ್ರಾನುಗಳಿಂದ ತುಂಬಿರುತ್ತದೆ.

ಪ್ರಶ್ನೆ: ಶಾಲೆಯ ಗೋಡೆ ಮೇಲೆ ಸೌರಮಂಡಲ ಬರೆಸಬೇಕು. ಅಳತೆ ಸರಿಯಾಗಿರಬೇಕು ಅಂತ ಆಸೆ. ಹೇಗೆ?

ಉತ್ತರ: ಸೂರ್ಯನನ್ನು 14 ಸೆಂಟಿಮೀಟರಿನ ಚಕ್ಕೋತ ಹಣ್ಣು ಅಂದುಕೊಳ್ಳಿ. ಭೂಮಿ ಒಂದು ಸಾಸಿವೆ ಕಾಳು, 15 ಮೀಟರ್ ಆಚೆ. ಚಂದ್ರ ಭೂಮಿಯಿಂದ ನಾಲ್ಕು ಸೆಂಟಿಮೀಟರಿಗೂ ಹತ್ತಿರ. ಗುರು 78 ಮೀಟರಿನಲ್ಲಿ. ನೆಪ್ಚೂನ್ 450 ಮೀಟರ್ ದೂರ, ಅಂದರೆ ಪೇಂಟರು ಬಹುಶಃ ಯಾರದೋ ಹೊಲದಲ್ಲಿ ನಿಂತಿರುತ್ತಾನೆ. ಗೋಡೆ ಬಿಡಿ, ಮಕ್ಕಳ ಕೈಗೆ ಸಾಸಿವೆ ಕೊಟ್ಟು ರಸ್ತೆಯಲ್ಲಿ ನಡೆಸಿ.