ರೆಫರಿ ಎಲ್ಲಿ ನಿಂತಿದ್ದರು?

ಪ್ರಶ್ನೆ: ಫುಟ್‌ಬಾಲ್‌ನ ಹೊಸ ರೆಫರಿಗಳ ಬಗ್ಗೆ ವರದಿ ಕೊಡುವ ಕೆಲಸ ನನ್ನದು. ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, 'ಆತ್ಮವಿಶ್ವಾಸ ಸಾಲದು' ಎಂದು ಬರೆಯುತ್ತೇನೆ. ಮುಂದಿನ ಪಂದ್ಯದಲ್ಲಿ ಮತ್ತೆ ಅವೇ ತಪ್ಪುಗಳು. ಏನು ಮಾಡಲಿ?

ಉತ್ತರ: 'ಆತ್ಮವಿಶ್ವಾಸ ಸಾಲದು' ಎಂದು ಓದಿದವರು ನಾಳೆ ಮೈದಾನಕ್ಕಿಳಿದು ಏನನ್ನು ಬದಲಿಸಬೇಕು? ನಿಮಿಷ, ನಿಂತ ಜಾಗ, ಕಂಡದ್ದು, ಕೊಟ್ಟ ತೀರ್ಪು ಇವಿಷ್ಟನ್ನು ಬರೆಯಿರಿ. ಉದಾಹರಣೆಗೆ: '34ನೇ ನಿಮಿಷ, ಎಡಬದಿಯಲ್ಲಿ ಟ್ಯಾಕಲ್. ನೀವು ಸುಮಾರು 30 ಮೀಟರ್ ದೂರದಲ್ಲಿ, ಆಟಗಾರರ ನೇರ ಹಿಂದೆ ಇದ್ದಿರಿ. ಕಾಲು ತಾಗಿದ್ದು ಕಾಣಲಿಲ್ಲ, ಫೌಲ್ ಕೊಡಲಿಲ್ಲ.'

ಹೀಗೆ ಬರೆಯುತ್ತ ಹೋದರೆ ತಪ್ಪಿನ ಬೇರು ಸಿಗುತ್ತದೆ. ನಿಯಮ ಬಾಯಿಪಾಠವಿದ್ದವರೂ ನಿಂತ ಜಾಗ ಸರಿಯಿಲ್ಲದೆ ಎಡವುತ್ತಾರೆ. ಹತ್ತು ಮೀಟರ್ ಹತ್ತಿರವಿದ್ದರೂ ಆಟಗಾರನ ಬೆನ್ನು ಅಡ್ಡವಾದರೆ ಏನೂ ಕಾಣದು. ಐದಾರು ಹೆಜ್ಜೆ ಪಕ್ಕಕ್ಕೆ ಸರಿದು, ಇಬ್ಬರ ನಡುವಿನ ಸಂದು ಕಾಣುವಂತೆ ನಿಲ್ಲಬೇಕು.

ಅದಕ್ಕೇ, ಪಂದ್ಯ ನೋಡುವಾಗ ಚೆಂಡು ಬಿಟ್ಟು ರೆಫರಿಯನ್ನು ನೋಡಿ. (ಕಷ್ಟ! ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ.) ಮೈದಾನದ ನಕ್ಷೆಯಿರುವ ಹಾಳೆಯಲ್ಲಿ ಫೌಲ್ ಆದ ಕಡೆ ಗೀಟು, ಆಗ ರೆಫರಿ ಇದ್ದ ಕಡೆ ಚುಕ್ಕೆ ಹಾಕಿ, ಎರಡಕ್ಕೂ ಒಂದೇ ಸಂಖ್ಯೆ ಕೊಡಿ. ಸೀಟಿ ಊದದೆ ಬಿಟ್ಟ ಘಟನೆಗಳೂ ಅದರಲ್ಲಿರಲಿ. ಚುಕ್ಕೆಗಳೆಲ್ಲ ನಡುವೃತ್ತದ ಸುತ್ತ ಗುಂಪುಗೂಡಿದ್ದರೆ ಅವರು ಮೈದಾನದ ಕರ್ಣದುದ್ದಕ್ಕೂ (ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯತ್ತ ಓರೆಯಾಗಿ) ಓಡುತ್ತಿಲ್ಲ ಎಂದೇ ಲೆಕ್ಕ. ಅಡ್ವಾಂಟೇಜ್ (ಫೌಲ್ ಆದರೂ ಆಟ ಮುಂದುವರಿದರೆ ಫೌಲ್‌ಗೆ ಒಳಗಾದ ತಂಡಕ್ಕೇ ಲಾಭವೆನಿಸಿದಾಗ ಸೀಟಿ ಊದದೆ ಕೈ ಚಾಚಿ ಆಡಲು ಬಿಡುವುದು) ಕೊಟ್ಟ ಸಂದರ್ಭಗಳನ್ನು ಬೇರೆಯಾಗಿ ಗುರುತಿಸಿ. ನಿರೀಕ್ಷಿಸಿದ ಲಾಭ ಕೆಲವೇ ಸೆಕೆಂಡುಗಳಲ್ಲಿ ಸಿಗದಿದ್ದರೆ ಮೂಲ ಫೌಲ್‌ಗೆ ಮರಳಬೇಕು. ಹೊಸಬರು ಕೈ ಚಾಚಿದ ಮೇಲೆ ಇದನ್ನು ಮರೆತುಬಿಡುತ್ತಾರೆ.

ಅಂಕ ಬೇಡವೆಂದಲ್ಲ. ಆದರೆ ಒಂದು ತಪ್ಪು ಪೆನಾಲ್ಟಿ ಕಂಡ ಸಿಟ್ಟಿನಲ್ಲಿ ಓಟಕ್ಕೂ ಆಟಗಾರರ ನಿಯಂತ್ರಣಕ್ಕೂ ಅಂಕ ಕಡಿಯುವುದು ಸಾಮಾನ್ಯ. ಒಂದೊಂದು ಅಂಕದ ಎದುರೂ ಅದಕ್ಕೆ ಕಾರಣವಾದ ಘಟನೆಯ ಸಂಖ್ಯೆ ಬರೆಯಿರಿ. ಬರೆಯಲು ಸಂಖ್ಯೆಯೇ ಇಲ್ಲದಿದ್ದರೆ ಅದು ಸಿಟ್ಟು ಹಾಕಿದ ಅಂಕ.

ಪ್ರಶ್ನೆ: ತಪ್ಪನ್ನು ವಿರಾಮದಲ್ಲೇ ಹೇಳಬಹುದೆ? ಪಂದ್ಯದ ನಂತರ ಹೇಳಿದರೆ ಜಗಳಕ್ಕೇ ಬರುತ್ತಾರೆ.

ಉತ್ತರ: ವಿರಾಮದಲ್ಲಿ ಬೇಡ. 'ಆ ಪೆನಾಲ್ಟಿ ತಪ್ಪು' ಎಂದು ಕೇಳಿಸಿಕೊಂಡವರು ದ್ವಿತೀಯಾರ್ಧದಲ್ಲಿ ಇನ್ನೊಂದು ತಂಡಕ್ಕೆ ಸರಿದೂಗಿಸಲು ಹೊರಡುತ್ತಾರೆ, ಅಲ್ಲಿಗೆ ತಪ್ಪು ಎರಡಾಗುತ್ತದೆ. ಪಂದ್ಯ ಮುಗಿದ ಮೇಲೂ ನೀರು ಕುಡಿದು ಸುಧಾರಿಸಿಕೊಳ್ಳಲು 15–20 ನಿಮಿಷ ಬಿಡಿ. ತಂಡದವರ ಕಿವಿಗೆ ಬೀಳದ ಜಾಗದಲ್ಲಿ ಕುಳಿತು, 'ಯಾವ ತೀರ್ಪನ್ನು ಇನ್ನೊಮ್ಮೆ ಕೊಡಬೇಕೆನಿಸುತ್ತದೆ?' ಎಂದು ಕೇಳಿ, ಸುಮ್ಮನಿರಿ. ತಪ್ಪನ್ನು ಅವರೇ ಹೇಳಿದರೆ ಜಗಳಕ್ಕೆ ಆಸ್ಪದವಿಲ್ಲ. ಹೇಳದಿದ್ದರೆ ಚುಕ್ಕೆಯ ಹಾಳೆ ಮುಂದಿಡಿ. ಆ ದಿನ ತಿದ್ದಲು ಎರಡೇ ಅಂಶ ಕೊಡಿ, ಅಂಕದ ಮಾತೆತ್ತಬೇಡಿ. ಅಂಕ ಕೇಳಿದವರಿಗೆ ಆಮೇಲೆ ಬೇರೇನೂ ಕಿವಿಗೆ ಹೋಗುವುದಿಲ್ಲ. ಮುಂದಿನ ಪಂದ್ಯಕ್ಕೆ ಬೇರೆಯವರು ವರದಿ ಮಾಡುವುದಾದರೆ ಅವರಿಗೂ ಆ ಎರಡು ಅಂಶಗಳನ್ನಷ್ಟೇ ತಿಳಿಸಿ. ಹಳೆಯ ಅಂಕ ಕಂಡರೆ ಅವರ ಅಂಕವೂ ಅದರ ಸುತ್ತಲೇ ಸುಳಿಯುತ್ತದೆ.