ಡೆವಿಲ್ಡ್ ಎಗ್‌ಗೆ ಬಣ್ಣ ಮಚ್ಚೆಮಚ್ಚೆಯಾಗಿ ಹಿಡಿಯುವುದೇಕೆ?

ಡೆವಿಲ್ಡ್ ಎಗ್ ಎಂದರೆ ಬೆಂದ ಮೊಟ್ಟೆಯನ್ನು ಸೀಳಿ, ಅದರ ಹಳದಿ ಭಾಗಕ್ಕೆ ಮಯೋನೀಸ್ ಬೆರೆಸಿ ಬಿಳಿಭಾಗದ ಗುಳಿಗೆ ಮತ್ತೆ ತುಂಬುವ ತಿನಿಸು. ಬಣ್ಣ ಹಾಕುವುದು ಬಿಳಿಭಾಗಕ್ಕೆ. ಅದರ ಮೇಲೆ ಹಳದಿಯ ಜಿಡ್ಡು ಉಳಿದಿರುತ್ತದೆ, ಇಲ್ಲವೇ ಬಣ್ಣದ ನೀರಿಗೆ ವಿನೆಗರ್ ಬಿದ್ದಿರುವುದಿಲ್ಲ. ವಿನೆಗರಿನ ಹುಳಿಯಿಂದ ಮೊಟ್ಟೆಯ ಪ್ರೋಟೀನ್ ಧನ ವಿದ್ಯುದಂಶ ಪಡೆಯುತ್ತದೆ. ಅಂಗಡಿಯ ಫುಡ್ ಕಲರ್‌ನದ್ದು ಋಣ. ಎರಡೂ ಸೆಳೆದುಕೊಂಡು ಬಣ್ಣ ಗಟ್ಟಿಯಾಗಿ ಕೂರುತ್ತದೆ. ಜಿಡ್ಡಿದ್ದ ಕಡೆ ಮಾತ್ರ ನೀರೇ ತಾಗುವುದಿಲ್ಲ.

ಅಮೆರಿಕದ ಈಸ್ಟರ್ ಊಟದಲ್ಲಿ ಇವು ಕೆಲವೊಮ್ಮೆ ತಿಳಿ ಗುಲಾಬಿ, ಹಸಿರು, ನೀಲಿಯಲ್ಲಿರುತ್ತವೆ. ಬೆಂದ ಮೊಟ್ಟೆ ಸುಲಿದು, ಉದ್ದಕ್ಕೆ ಸೀಳಿ, ಹಳದಿ ತೆಗೆದು ಬಿಳಿಭಾಗವನ್ನು ತಣ್ಣೀರಲ್ಲಿ ಮೆಲ್ಲಗೆ ತೊಳೆಯಿರಿ. 1 ಕಪ್ ನೀರು, 1 ಟೀ ಚಮಚ ವಿನೆಗರ್, 5–6 ಹನಿ ಬಣ್ಣ. 5 ನಿಮಿಷ ಮುಳುಗಿಸಿಡಿ. ತೇಲಿದರೆ ಒಂದು ಮಗ್ಗುಲು ಬೆಳ್ಳಗೇ ಉಳಿಯುತ್ತದೆ, ತಿರುವುತ್ತಿರಿ. ತೆಗೆದು, ಕವುಚಿಟ್ಟು 10 ನಿಮಿಷ ಪೂರ್ತಿ ಆರಿಸಿ. ಈ ಹಂತಕ್ಕೆ ಆತುರ ಬೇಡವೇ ಬೇಡ: ಗುಳಿಯಲ್ಲಿ ಒಂದು ಹನಿ ನಿಂತರೂ ಹೂರಣದ ಅಂಚಿಗೆ ಬಣ್ಣ ಇಳಿಯುತ್ತದೆ.

ಹೂರಣಕ್ಕೆ 6 ಮೊಟ್ಟೆಯ ಹಳದಿ, 3 ದೊಡ್ಡ ಚಮಚ ಮಯೋನೀಸ್, 1 ಟೀ ಚಮಚ ಸಾಸಿವೆ ಪೇಸ್ಟ್, ಉಪ್ಪು. ಬೀಟ್‌ರೂಟ್ ರಸವೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಅರ್ಧ ಗಂಟೆಯಾದರೂ ಬೇಕು. ಬಡಿಸಿದ ಮೇಲೆ 2 ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.