ಗಣಿತ ಪ್ರಶ್ನೋತ್ತರ: ಗದಗಿನ ಪಿನ್‌ಕೋಡ್ ಅವಿಭಾಜ್ಯವೇ?

ಪ್ರಶ್ನೆ: ನಮ್ಮ ಪಿನ್‌ಕೋಡ್ 582101 ಅನ್ನು ಮಗ 2, 3, 5, 7, 11ರಿಂದ ಭಾಗಿಸಿ ನೋಡಿದ. ಯಾವುದಕ್ಕೂ ಹೋಗಲಿಲ್ಲ. ಹಾಗಾದರೆ ಇದು ಅವಿಭಾಜ್ಯ ಸಂಖ್ಯೆಯೇ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಅಲ್ಲ. ಮುಂದಿನದಕ್ಕೇ ಸಿಗುತ್ತಿತ್ತು: 582101 = 13 × 44777.

ಉದ್ದ ಭಾಗಾಕಾರವೂ ಬೇಕಿಲ್ಲ. 7 × 11 × 13 = 1001. ಆದ್ದರಿಂದ ಆರಂಕಿಯ ಸಂಖ್ಯೆಯನ್ನು ನಡುವೆ ಕತ್ತರಿಸಿ (ಅಂಚೆಯವರ ವಿಂಗಡಣಾ ಜಿಲ್ಲೆಯ ಅಂಕಿ ಮುಗಿಯುವುದೂ ಅಲ್ಲೇ) ಒಂದರಿಂದ ಇನ್ನೊಂದನ್ನು ಕಳೆಯಿರಿ: 582 − 101 = 481. ಈ ಮೂರರಲ್ಲಿ 481 ಯಾವುದಕ್ಕೆ ಹೋಗುತ್ತದೋ ಇಡೀ ಸಂಖ್ಯೆಯೂ ಅದಕ್ಕೇ ಹೋಗುತ್ತದೆ. 7ಕ್ಕೆ 5 ಉಳಿಯುತ್ತದೆ, 11ಕ್ಕೆ 8; 13ಕ್ಕೆ ಮಾತ್ರ ಸರಿಯಾಗಿ 37 ಸಲ.

ಎಡವುವುದು ಇಲ್ಲೇ. 481 = 13 × 37 ಎಂದು ಕಂಡ ಕೂಡಲೇ 37 ಅನ್ನೂ ಅಪವರ್ತನಗಳ ಸಾಲಿಗೆ ಸೇರಿಸಿಬಿಡುತ್ತಾರೆ. 1001ರಲ್ಲಿ 37 ಇಲ್ಲ. ಅದು ಇರುವುದು 999ರಲ್ಲಿ. ಅದಕ್ಕೆ ಕಳೆಯಬಾರದು, ಕೂಡಬೇಕು: 582 + 101 = 683. 37ರಿಂದ ಭಾಗಿಸಿದರೆ 17 ಉಳಿಯುತ್ತದೆ.

ಇನ್ನು 44777. ವರ್ಗಮೂಲ 211ಕ್ಕಿಂತ ತುಸು ಹೆಚ್ಚು. 211ರವರೆಗಿನ 47 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಒಮ್ಮೆ ತೆಗೆದಾಯಿತೆಂದು 13 ಅನ್ನು ಬಿಡಬೇಡಿ, ಅದು ಎರಡನೇ ಸಲವೂ ಇರಬಹುದು (ಇಲ್ಲಿ 5 ಉಳಿಯುತ್ತದೆ). 29 ಮತ್ತು 193 ಒಂದೇ ಒಂದರಲ್ಲಿ ತಪ್ಪಿಸಿಕೊಳ್ಳುತ್ತವೆ. ಯಾವುದಕ್ಕೂ ಹೋಗದ್ದರಿಂದ 44777 ಅವಿಭಾಜ್ಯ.

ಪ್ರಶ್ನೆ: ಹುಬ್ಬಳ್ಳಿಯ 580020ಕ್ಕೆ ಎಷ್ಟು ಭಾಜಕಗಳು? ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?
– ಪಿಯುಸಿ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: 580020 = 2² × 3 × 5 × 7 × 1381. ಪ್ರತಿ ಘಾತಕ್ಕೆ ಒಂದು ಕೂಡಿಸಿ ಗುಣಿಸಿ: 3 × 2 × 2 × 2 × 2 = 48 ಭಾಜಕಗಳು. ಗದಗಿನದಕ್ಕೆ ನಾಲ್ಕೇ.

ವರ್ಗಗಳ ಮೊತ್ತವಾಗಿ ಮಾತ್ರ ಬರದು. ಯಾವ ವರ್ಗವನ್ನೇ 3ರಿಂದ ಭಾಗಿಸಿ, ಶೇಷ 0 ಇಲ್ಲವೇ 1. 2 ಎಂದೂ ಬರುವುದಿಲ್ಲ. ಮೊತ್ತ 3ಕ್ಕೆ ಹೋಗಬೇಕೆಂದರೆ ಎರಡೂ ವರ್ಗಗಳ ಶೇಷ 0 ಆಗಬೇಕು, ಆಗ ಮೊತ್ತ 9ಕ್ಕೂ ಹೋಗಲೇಬೇಕು. 580020ರ ಅಂಕಿಗಳ ಮೊತ್ತ 15, 9ಕ್ಕೆ ಹೋಗದು.

ಗದಗಿನ ಸಂಖ್ಯೆ ಈ ವಿಷಯದಲ್ಲಿ ಹೆಚ್ಚು ಸ್ವಾರಸ್ಯಕರ. 13 = 2² + 3², 44777 = 211² + 16². ಬ್ರಹ್ಮಗುಪ್ತ 628ರಲ್ಲಿ ಕೊಟ್ಟ ‘ಭಾವನಾ’ ನಿಯಮದ ವಿಶೇಷ ರೂಪದಂತೆ ಇವನ್ನು ಅಡ್ಡಡ್ಡ ಗುಣಿಸಿ:

2 × 211 + 3 × 16 = 470, 3 × 211 − 2 × 16 = 601
2 × 211 − 3 × 16 = 374, 3 × 211 + 2 × 16 = 665

470² + 601² = 220900 + 361201 = 582101. 374² + 665² ಕೂಡ ಅಷ್ಟೇ. ಮೂರನೇ ಬಗೆ ಇಲ್ಲ. ಒಂದು ಕಡೆ ಪ್ಲಸ್ ಇದ್ದರೆ ಇನ್ನೊಂದು ಕಡೆ ಮೈನಸ್ ಇರಲೇಬೇಕು. ಎರಡೂ ಕಡೆ ಪ್ಲಸ್ ಹಾಕಿದರೆ 470² + 665² = 663125 ಆಗುತ್ತದೆ; ಕೊನೆಯ ಅಂಕಿ 5 ಬಂದಾಗಲೇ ತಪ್ಪು ಗೊತ್ತಾಗುತ್ತದೆ.